ಟೀ ಕುಡಿದ ಕಾರು

ಅಕ್ಕಾ,

ಎದ್ದ ತಕ್ಷಣ ಶೆಡ್ಡಿಗೆ ಓಡಬೇಡ, ಮೊದಲು ಇದನ್ನ ಓದು.

ನಮ್ಮ ಓಪನ್ ಕಾರಿಗೆ ನೀನು ಹೊಲಿಸಿದ ಬಟ್ಟೆ ಟಾಪು ಮಿರಮಿರ ಮಿಂಚ್ತಾ ನನ್ನ ಕಣ್ಣು ಚುಚ್ಚುತ್ತಿತ್ತು. ಹಳೇ ಗಾಡಿ ಹಳೇದಾಗೇ ಕಾಣಲಿ ಅಂತ ಫ್ಲಾಸ್ಕಿನ ಟೀಯನ್ನೆಲ್ಲ ಅದಕ್ಕೆ ಬಳಿದೆ. ಬಣ್ಣವೇನೋ ಸೊಗಸಾಗಿ ಬಂತು. ಟೀಗೆ ಸಕ್ಕರೆ ಹಾಕಿತ್ತು ಅನ್ನೋದು ಮಾತ್ರ ಈ ಮಹಾಪಂಡಿತನಿಗೆ ಹೊಳೀಲಿಲ್ಲ. ಈಗ ಊರಿನ ಇರುವೆಗಳೆಲ್ಲ ಸೀಟಿನ ತನಕ ಮೆರವಣಿಗೆ ಹೊರಟಿವೆ.

ಬಿಸಿನೀರಲ್ಲಿ ಒರೆಸು. ಬೈಗುಳ ಸಂಜೆಗೆ ಎತ್ತಿಡು, ನಾನು ಬಸ್ಸಿಗೆ ಹೊರಟೆ.

ಆಮೇಲೆ, ಕಾರಿನ ಬಾಗಿಲಿಗೆ ನೀನು ಹಟ ಹಿಡಿದಿದ್ದ ಆ ಲಿಪ್‌ಸ್ಟಿಕ್ ಕೆಂಪು ಬಣ್ಣವನ್ನೇ ಹೊಡಿ. ತುಕ್ಕಿನ ಅಂದದ ಬಗ್ಗೆ ನಾನು ಬಿಗಿದ ಭಾಷಣವನ್ನೆಲ್ಲ ಗಾಳಿಗೆ ತೂರು. ನಾನು ಬರೋಷ್ಟರಲ್ಲಿ ಬಣ್ಣ ಒಣಗಿರಲಿ. ಹಸಿ ಇದ್ರೆ ನನ್ನ ಕೈ ಸುಮ್ಮನಿರಲ್ಲ.

ಇಂತಿ,
ನೀನೇ ಹೆಸರಿಟ್ಟ ತುಕ್ಕಪ್ಪ