ಪೆಟ್ಟಿಗೆಗೆ ಹೋದ ಹಲಸಿನ ಬೀಜ

ಹಲಸಿನದಿನ್ನೆ
ಎರಡನೆಯ ಜ್ಯೇಷ್ಠದ ಮೂವತ್ತಮೂರನೆಯ ದಿನ, ೨೩೬೧

ಮುನ್ನೂರು ವರ್ಷ ಹಿಂದಿರುವ ಹಿರಿಯರಿಗೆ, ಮರ ಕಾಯುವ ನಿಂಗಾಜಮ್ಮ ಮಾಡುವ ನಮಸ್ಕಾರಗಳು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಅರ್ಧ ತಿಳಿಯುವುದಿಲ್ಲ. ತಿಳಿದ ಅರ್ಧವನ್ನು ನಂಬಿಯೇ ಕೆಟ್ಟೆವು.

ನಮ್ಮಲ್ಲಿ ಉಳಿದಿರುವುದು ಒಂದೇ ಹಲಸಿನ ಮರ. ಅದರಡಿ ಕೂರಲು ಮನೆಗೊಂದು ‘ನೆರಳುಪಾಳಿ’ ಇದೆ, ಅಂದರೆ ತಿಂಗಳಿಗೊಮ್ಮೆ ಅರ್ಧ ಗಂಟೆಯ ತಂಪು. ಹಣ್ಣು ಕೊಯ್ದ ದಿನ ಊರೆಲ್ಲ ಕೈಗೆ ಎಣ್ಣೆ ಸವರಿಕೊಂಡು ನೆಲದ ಮೇಲೆ ಕೂರುತ್ತದೆ. ತಲೆಗೊಂದು ತೊಳೆ. ಮಕ್ಕಳು ಅದನ್ನು ಕಚ್ಚದೆ, ಚೀಪುತ್ತ ಸಂಜೆಯವರೆಗೂ ಎಳೆಯುತ್ತವೆ. ಬೆರಳಿಗಂಟಿದ ಮೇಣವನ್ನು ಎರಡು ದಿನ ಮೂಸುತ್ತಿರುತ್ತವೆ. ನೀವೋ ಹೊಟ್ಟೆ ಬಿರಿಯುವಷ್ಟು ತಿಂದು ಉಳಿದದ್ದನ್ನು ದನಕ್ಕೆ ಹಾಕುತ್ತಿದ್ದಿರಂತೆ. ನನಗೆ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ನೀವು ನಮಗಾಗಿ ಒಂದು ಪೆಟ್ಟಿಗೆ ತುಂಬ ಹಲಸಿನ ಬೀಜ ಇಟ್ಟುಹೋದಿರಿ. ಒಣಗಿಸಿ ತಣ್ಣಗಿಡಿ, ಮುಟ್ಟಬೇಡಿ ಎಂದು ಮೇಲೆ ಬರೆದಿರಿ. ಹತ್ತು ತಲೆಮಾರು ಹಾಗೆಯೇ ಕಾದೆವು. ಬೋರ್‌ವೆಲ್ಲಿಗೇ ಸಾಲದ ಕರೆಂಟನ್ನು ಪೆಟ್ಟಿಗೆ ತಣ್ಣಗಿಡಲು ಕೊಟ್ಟೆವು. ಮುಟ್ಟಿದವರಿಗೆ ‘ನೀರುತಪ್ಪು’, ಅಂಥವರಿಗೆ ಊರಿನಲ್ಲಿ ಯಾರೂ ನೀರು ಕೊಡುವಂತಿಲ್ಲ. ಆಮೇಲೆ ನಾಲ್ಕು ದಿನ ಬದುಕಿದವರನ್ನು ನಾನು ಕಂಡಿಲ್ಲ. ಪೆಟ್ಟಿಗೆಯಿದೆಯಲ್ಲ ಎಂಬ ಧೈರ್ಯದಲ್ಲಿ ಮರದ ಬೀಜವನ್ನೆಲ್ಲ ಸುಟ್ಟು ತಿಂದೆವು. ಹೋದ ವರ್ಷ ಮರ ಒಣಗತೊಡಗಿದಾಗ ಊರೆಲ್ಲ ಸೇರಿ ಪೆಟ್ಟಿಗೆ ತೆರೆದು ಬಿತ್ತಿದೆವು. ಒಂದೂ ಮೊಳೆಯಲಿಲ್ಲ. ಹಲಸಿನ ಬೀಜ ಒಣಗಿದರೆ ಸತ್ತೇಹೋಗುತ್ತದೆ. ಅಷ್ಟೂ ಗೊತ್ತಿರಲಿಲ್ಲವೇ ನಿಮಗೆ?

ಮೊನ್ನೆ ಮರದ ಬುಡದಲ್ಲಿ ಮಣ್ಣು ಬಿರಿದು ಘಮ್ಮೆಂದು ವಾಸನೆ ಬಂತು. ಅಗೆದರೆ ಬೇರಿನಲ್ಲೊಂದು ಹಣ್ಣು. ಮುದಿಮರ ಕೊನೆಗೆ ಹಾಗೆ ಮಣ್ಣೊಳಗೆ ಬಿಡುವುದುಂಟು. ಸೀಳಿದಾಗ ಒಂಬತ್ತು ಬೀಜ ಸಿಕ್ಕವು, ಒಂಬತ್ತೂ ಒಳಗೇ ಮೊಳಕೆಯೊಡೆದಿದ್ದವು. ನಾನು ಅತ್ತುಬಿಟ್ಟೆ. “ಇವತ್ತೇ ಮಣ್ಗಾಕ್ರೋ!” ಎಂದು ಕೂಗಿದೆ. ನಮ್ಮ ಊರ ಯಜಮಾನ ಮುದ್ದೀರಪ್ಪ ಬೀಜಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿದ. “ಮುಂದಿನೋರ್ಗೂ ಏನಾರ ಇರ್ಬೇಕಲ್ಲಮ್ಮ, ಸುಮ್ಕಿರು” ಎಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಊರೆಲ್ಲ ಕೈಮುಗಿಯಿತು.

ನಿಮ್ಮ ದಮ್ಮಯ್ಯ, ನಮಗಾಗಿ ಏನನ್ನೂ ತೆಗೆದಿಡಬೇಡಿ. ತೊಳೆ ತಿಂದ ದಿನವೇ ಬೀಜವನ್ನು ಒದ್ದೆ ಮಣ್ಣಿಗೆ ಹಾಕಿ.

ಆ ಒಂಬತ್ತು ಒಳಗೆ ಒಣಗುತ್ತಿವೆ. ಬೀಗ ಒಡೆಯಲು ಹಾರೆ ತಂದಿಟ್ಟುಕೊಂಡಿದ್ದೇನೆ. ಈ ಕಾಗದ ಮಡಿಸಿಟ್ಟು, ಹೊಟ್ಟೆ ತುಂಬ ನೀರು ಕುಡಿದು ಹೊರಡುತ್ತೇನೆ.