ಮೈಕು ಹಿಡಿದವರು

ಅಭಿಮಾನಿ ಸಂಘದ ಕಾರ್ಯದರ್ಶಿಗಳಿಗೆ,

ನಿಮ್ಮ ಮೂರೂ ಪತ್ರ ತಲುಪಿವೆ. ಉತ್ತರ ತಡವಾಯಿತು. ನೀವೆಲ್ಲ ಟೇಪಣ್ಣ ಎನ್ನುವ ನಮ್ಮವರಿಗೆ ಲಕ್ವ ಹೊಡೆದು ಮಾತು ನಿಂತಿದೆ. ಅವರನ್ನು ಎತ್ತಿ ಕೂರಿಸುವುದರಲ್ಲೇ ನನ್ನ ದಿನ ಮುಗಿಯುತ್ತದೆ.

ನಿಮ್ಮ ಮೆಚ್ಚಿನ ರಾಕ್ ತಂಡದ ಕಾರ್ಯಕ್ರಮಗಳಲ್ಲಿ ಅವರು ಕದ್ದು ರೆಕಾರ್ಡ್ ಮಾಡಿದ ಇನ್ನೂರು ಕ್ಯಾಸೆಟ್ಟುಗಳನ್ನೂ ಒಯ್ಯಿರಿ. ಮೂವತ್ತು ವರ್ಷ ಪ್ರತಿ ಮಾಡಿ, ಕೇಳಿದವರಿಗೆಲ್ಲ ಅಂಚೆಗೆ ಹಾಕಿ ನನಗೂ ಸಾಕಾಗಿದೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಗಟ್ಟಿ ಆಳುಗಳೇ ಬರಲಿ.

ತಂಡ ಒಡೆಯುವ ಮುಂಚಿನ ಕೊನೆಯ ಕಾರ್ಯಕ್ರಮವನ್ನು ಅವರು ಅಷ್ಟು ಚೆನ್ನಾಗಿ ಹೇಗೆ ರೆಕಾರ್ಡ್ ಮಾಡಿದರು ಎಂದು ಕೇಳಿದ್ದೀರಿ. ಮಾಡಿದ್ದು ಅವರಲ್ಲ. ಮೊದಲ ಹಾಡಿಗೇ ಮೈಕನ್ನು ನನ್ನ ಕೈಗಿತ್ತು, "ಒಂದ್ನಿಮಿಷ ಹಿಡ್ಕೊಳ್ಳೇ, ಈಗ್ಬಂದೆ" ಎಂದು ಕುಣಿಯಲು ಹೋದವರು ಮೂರು ಗಂಟೆ ಪತ್ತೆಯಿಲ್ಲ. ನಾನು ಶಾಲಿನೊಳಗೆ ಮೈಕು ಬಚ್ಚಿಟ್ಟುಕೊಂಡು, ಕೆಮ್ಮು ನುಂಗಿಕೊಂಡು, ಅಲ್ಲಾಡದೆ ನಿಂತೆ. ಎಲ್ಲರೂ ಅವರನ್ನು ಹೊಗಳಿದಾಗ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಹೇಳುವ ಹೊತ್ತು ಮೀರಿತು.

ಮೊನ್ನೆ ಆ ಪ್ರಶ್ನೆಯಿದ್ದ ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳುತ್ತಿದ್ದೆ. ಅವರು ಎಡಗೈ ಎತ್ತಿ ನನ್ನತ್ತ ತೋರಿಸಿದರು. "ಈಗ್ಯಾಕ್ರೀ ಅದೆಲ್ಲ" ಎಂದೆ. ಎತ್ತಿದ ಕೈ ಇಳಿಸಲಿಲ್ಲ.

ಆದ್ದರಿಂದ ಆ ಒಂದು ಕ್ಯಾಸೆಟ್ಟಿನ ಮೇಲೆ ಮಾತ್ರ ಇಬ್ಬರ ಹೆಸರನ್ನೂ ಬರೆಯಿರಿ. ಅವರದೇ ಮೊದಲು ಇರಲಿ. ಟಿಕೆಟ್ಟಿಗೆ ಸಾಲಿನಲ್ಲಿ ನಿಂತವರು ಅವರು.

ಇಂತಿ,
ಟೇಪಣ್ಣನ ಹೆಂಡತಿ