ಕನ್ನಡಿಯ ಎತ್ತರ

ಅಮ್ಮಾ, ನೀನು ಹೋದ್ಮೇಲೆ ನಿನ್ನ ಫೋನ್ ನನ್ನ ಡ್ರಾಯರಲ್ಲೇ ಬಿದ್ದಿದೆ. ಆದ್ರೂ ಅದಕ್ಕೇ ಈ ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡ್ತಿದೀನಿ, ನನ್ನ ಬಾಯಿ ಸುಮ್ನಿರಲ್ಲ ಅಂತ ನಿಂಗೆ ಗೊತ್ತಲ್ಲ.

ಮನೆ ತಗೊಂಡೆ ಕಣಮ್ಮ. ಐವತ್ತಕ್ಕೆ ಮೊದಲನೇ ಸ್ವಂತ ಮನೆ. ಹಳೇ ಸಾಲುಮನೆ, ಅಕ್ಕಪಕ್ಕದವರಿಗೂ ನಮಗೂ ಒಂದೇ ಗೋಡೆ. ಎಷ್ಟು ಜನ ಹತ್ತಿ ಇಳಿದಿದಾರೋ, ಮೆಟ್ಟಿಲು ನಡುವೆ ಸವೆದು ಬಟ್ಟಲಿನ ಹಾಗಾಗಿದೆ. ಕಾಲಿಟ್ಟಾಗ ಮೈ ಜುಮ್ ಅಂತು. ಯಾರೋ ದೊಡ್ಡೋರ ಮುಂದೆ ಬಂದವನ ಹಾಗೆ ಚಪ್ಪಲಿ ಕೈಲಿ ಹಿಡ್ಕೊಂಡು ಮೇಲೆ ಹೋದೆ.

ಇವತ್ತು ನಿನ್ನ ಕನ್ನಡಿ ತಂದೆ. ಬಾಡಿಗೆ ಮನೇಲಿ ಮೊಳೆ ಹೊಡೆದ್ರೆ ಓನರ್ ಬೈತಾರೆ ಅಂತ ಅದನ್ನ ಟ್ರಂಕಿನ ಮೇಲೆ ಒರಗಿಸಿಟ್ಟು, ಜೀವಮಾನವೆಲ್ಲ ಬಗ್ಗಿಯೇ ತಲೆ ಬಾಚ್ಕೊಂಡ್ಯಲ್ಲ. ಸುತ್ತಿಗೆ ಹಿಡಿದು ನಿಂತೆ, ಕೈ ಏಳಲಿಲ್ಲ. ಪಕ್ಕದ ಮನೆ ಅಜ್ಜಿನ ಕೇಳೋಕೆ ಹೋದೆ.

"ಗೋಡೆಗೆ ಒಂದು ಮೊಳೆ ಹೊಡೀಬಹುದಾ?"

"ಮನೆ ಯಾರದಪ್ಪ?"

"ನಂದೇ."

"ಮತ್ತೆ ನನ್ನೇನು ಕೇಳ್ತೀಯ? ಹೊಡಿ. ನಾನು ಮಲಗಿರೋವಾಗ ಮಾತ್ರ ಬೇಡ."

ಹೊಡೆದೆ. ಗೋಡೆ ಗಟ್ಟಿಯಾಗಿ ಹಿಡ್ಕೊಂಡ್ತು. ಕನ್ನಡಿ ನೇತುಹಾಕ್ದೆ. ನಿನ್ನ ಸೊಸೆ ಬಂದು ನೋಡಿದ್ಲು.

"ರೀ, ಇಷ್ಟು ಕೆಳಗಾ? ನನಗೆ ಗದ್ದ ಕಾಣುತ್ತೆ, ನಿಮಗೆ ಅಂಗಿ ಗುಂಡಿ. ಕಿತ್ತು ಮೇಲೆ ಹಾಕಿ."

ಮೊಳೆ ಇಟ್ಟಾಗ ನನ್ನ ಎತ್ತರ, ಅವಳ ಎತ್ತರ ನೆನಪೇ ಬಂದಿರ್ಲಿಲ್ಲಮ್ಮ. ನೀನು ಪಕ್ಕದಲ್ಲಿ ನಿಂತಾಗ ನನ್ನ ಎದೆ ಹತ್ರ ನಿನ್ನ ಮುಖ ಎಲ್ಲಿಗೆ ಬರ್ತಿತ್ತೋ, ಕೈ ಅಲ್ಲಿಗೇ ಹೋಗಿತ್ತು.

ಸುತ್ತಿಗೆ ಕೆಳಗಿಟ್ಟೆ. ಅವಳು ನನ್ನ ಮುಖ ನೋಡಿದ್ಲು, ಕನ್ನಡಿ ನೋಡಿದ್ಲು. ಆಮೇಲೆ ಬಾಚಣಿಗೆ ತಗೊಂಡು, ಬಗ್ಗಿ, ತಲೆ ಬಾಚ್ಕೊಂಡ್ಲು.